ಮೆತ್ತೆಯೊಳಗಿನ ಧೂಳು: ಬಿಸಿಲು, ಬಿಸಿ ಮತ್ತು ಪಾಲಿಯುರೆಥೇನ್ ಫೋಮು



ಹತ್ತು ಹದಿನೈದು ವರ್ಷ ಬಳಸಿದ ಸೋಫಾದ ಹೊದಿಕೆಯನ್ನು ಒಗೆಯಲೆಂದು ಬಿಚ್ಚಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಬಟ್ಟೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಹೊಲಿಗೆಯೂ ಬಿಟ್ಟಿರುವುದಿಲ್ಲ. ಒಳಗಿನ ಫೋಮು ಮಾತ್ರ, ಕೊಂಡಾಗ ಬೆಳ್ಳಗಿದ್ದದ್ದು, ಅರಿಶಿನದ ಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ರವೆಯ ಹಾಗೆ ಉದುರುತ್ತದೆ. ಕಿಟಕಿಯ ಕಡೆಗಿದ್ದ ಬದಿಯಲ್ಲಿ ಉದುರುವುದು ಹೆಚ್ಚು, ಗೋಡೆಗೆ ಆತುಕೊಂಡಿದ್ದ ಬದಿಯಲ್ಲಿ ಕಡಿಮೆ. ಪೆಟ್ಟಿಗೆಯಲ್ಲಿಟ್ಟು ಮರೆತ ಹಳೆಯ ಹೆಡ್‌ಫೋನಿನ ಮೆತ್ತೆಯದು ಕೆಲವೊಮ್ಮೆ ಇನ್ನೊಂದು ಕಥೆ. ಬಿಸಿಲನ್ನೇ ಕಾಣದಿದ್ದರೂ ಅದು ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುತ್ತದೆ.

'ಹಳೆಯದಾಯಿತು, ಬಿಸಾಡಿ' ಎಂಬ ಮಾತಿನಲ್ಲಿ ಈ ವಿಷಯ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದರೆ ಹಳತಾಗುವುದು ಒಂದು ಕಾರಣವಲ್ಲ. ಕಾಲ ಕಳೆಯುತ್ತಿರುವಾಗ ಯಾವುದೋ ಬಂಧ ಮುರಿಯುತ್ತಿರುತ್ತದೆ. ಅದನ್ನು ಮುರಿಯುವ ಶಕ್ತಿ ಎಲ್ಲಿಂದಲೋ ಬರುತ್ತಿರುತ್ತದೆ. ಅದು ಯಾವ ಬಂಧ, ಯಾವ ಶಕ್ತಿ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. ಹೀಗೆ ಮುರಿಯುವುದೆಂದು ಮೊದಲೇ ತಿಳಿದಿದ್ದವರು ಯಾರು, ಉದುರಿದ ಪುಡಿ ಯಾರ ಉಸಿರಿಗೆ ಸೇರುತ್ತದೆ ಎಂಬುದು ಸಮಾಜದ ಪ್ರಶ್ನೆ. ಈ ಹೊತ್ತಿನ ಮಾತು ಮೊದಲನೆಯದರಿಂದ ಹೊರಟು ಎರಡನೆಯದನ್ನು ತಲುಪುವ ಪ್ರಯತ್ನ.

ಬಲೆ ಮತ್ತು ಗುಳ್ಳೆ

ಪಾಲಿಯುರೆಥೇನ್ ಹುಟ್ಟಿದ್ದು 1937ರಲ್ಲಿ, ಜರ್ಮನಿಯ ಲೆವರ್‌ಕೂಸನ್‌ನಲ್ಲಿ. ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಉದ್ಯಮಕೂಟದ ಪ್ರಯೋಗಾಲಯದಲ್ಲಿ ಆಟೋ ಬೇಯರ್ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದರು. ಮುಂದೆ ಯುದ್ಧಕಾಲದಲ್ಲಿ ಆಷ್‌ವಿಟ್ಜ್‌ನ ಸೆರೆಯಾಳುಗಳನ್ನು ಗುಲಾಮರಂತೆ ದುಡಿಸಿಕೊಂಡ ಉದ್ಯಮಕೂಟವೂ ಇದೇ. ಮೊದಮೊದಲು ಈ ಹೊಸ ವಸ್ತುವಿನಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ದೋಷವೆಂದು ಎಣಿಸಲಾಗಿತ್ತು. ಗುಳ್ಳೆಗಳೇ ಗುಣವೆಂದು ಅರಿವಾದ ಮೇಲೆ, 1950ರ ದಶಕದಲ್ಲಿ ಮೆತ್ತನೆಯ ಫೋಮು ಮಾರುಕಟ್ಟೆಗೆ ಬಂತು.

ಅದರ ತಯಾರಿಕೆಯಲ್ಲಿ ಎರಡು ಮುಖ್ಯ ದ್ರವಗಳು ಕೂಡುತ್ತವೆ. ಒಂದು ಐಸೊಸಯನೇಟ್, ಇನ್ನೊಂದು ಪಾಲಿಯಾಲ್. ಇವೆರಡೂ ಕೈ ಹಿಡಿದಾಗ ಉಂಟಾಗುವ ಬಂಧಕ್ಕೆ ಯುರೆಥೇನ್ ಎಂದು ಹೆಸರು. ಜೊತೆಗೆ ಸ್ವಲ್ಪ ನೀರನ್ನೂ ಸೇರಿಸಲಾಗುತ್ತದೆ. ನೀರು ಐಸೊಸಯನೇಟ್‌ನೊಂದಿಗೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಇಡ್ಲಿ ಹಿಟ್ಟು ಹುದುಗಿ ಉಬ್ಬುವುದೂ ಇದೇ ಅನಿಲದಿಂದ. ಅಲ್ಲಿ ರಾತ್ರಿಯೆಲ್ಲ ನಡೆಯುವ ಕೆಲಸ ಇಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಸಿದ್ಧವಾದ ಫೋಮನ್ನು ಅಣುಗಳ ಮಟ್ಟದಲ್ಲಿ ಒಂದು ಮೀನು ಬಲೆಯೆಂದು ಊಹಿಸಿಕೊಳ್ಳಬಹುದು. ಪಾಲಿಯಾಲ್‌ನಿಂದ ಬಂದ ಉದ್ದನೆಯ, ಬಾಗುವ ಭಾಗಗಳು ಬಲೆಯ ಹುರಿ. ಐಸೊಸಯನೇಟ್‌ನಿಂದ ಬಂದ ಬಿಗಿಯಾದ ಭಾಗಗಳು ಬಲೆಯ ಗಂಟು. ಹುರಿ ಇರುವುದರಿಂದ ಮೆತ್ತೆ ತಗ್ಗುತ್ತದೆ. ಗಂಟು ಇರುವುದರಿಂದ ಮತ್ತೆ ಮೇಲೇಳುತ್ತದೆ. ಮೆತ್ತನೆಯ ಫೋಮಿನ ಗಾತ್ರದಲ್ಲಿ ಶೇಕಡಾ 97ರಷ್ಟು ಇರುವುದು ಗಾಳಿಯೇ. ಉಳಿದ ಶೇಕಡಾ 3ರಷ್ಟು ವಸ್ತು, ಕಣ್ಣಿಗೆ ಕಾಣದಷ್ಟು ತೆಳುವಾದ ಕಡ್ಡಿಗಳಾಗಿ ಆ ಗಾಳಿಯ ಸುತ್ತ ಹರಡಿಕೊಂಡಿರುತ್ತದೆ. ಗುಳ್ಳೆಗಳ ಬಾಗಿಲುಗಳೆಲ್ಲ ತೆರೆದೇ ಇರುವುದರಿಂದ ಗಾಳಿಯೂ ತೇವವೂ ಒಳಗೆಲ್ಲ ಓಡಾಡುತ್ತವೆ. ಅಷ್ಟೇ ತೂಕದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಆಮ್ಲಜನಕ ಮುಟ್ಟುವುದು ಹೊರಮೈಯನ್ನು ಮಾತ್ರ. ಫೋಮಿನಲ್ಲಾದರೋ ಎಲ್ಲವೂ ಹೊರಮೈಯೇ. ಮೆತ್ತಗಿರುವ ಸುಖವೂ ಬೇಗ ಕೆಡುವ ಶಾಪವೂ ಒಂದೇ ರಚನೆಯಿಂದ ಬಂದವು.

ಬೆಳಕು ಮಾಡುವ ಕೆಲಸ

ಬೆಳಕು ಕಣಕಣವಾಗಿ ಶಕ್ತಿಯನ್ನು ಹೊತ್ತು ತರುತ್ತದೆ. ಅಲೆಯುದ್ದ ಚಿಕ್ಕದಾದಷ್ಟೂ ಒಂದೊಂದು ಕಣದ ಶಕ್ತಿ ಹೆಚ್ಚು. 300 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಕಿರಣದ ಶಕ್ತಿ ಒಂದು ಮೋಲ್‌ಗೆ ಸುಮಾರು 400 ಕಿಲೊಜೌಲ್. ಎರಡು ಇಂಗಾಲಗಳ ನಡುವಿನ ಸಾಧಾರಣ ಬಂಧವನ್ನು ಮುರಿಯಲು ಸುಮಾರು 350 ಸಾಕು. ಇದಕ್ಕೆ ಹೋಲಿಸಿದರೆ ಕೋಣೆಯ ಉಷ್ಣತೆಯಲ್ಲಿ ಅಣುಗಳ ಚಲನೆಯ ಶಕ್ತಿಯ ಅಳತೆ ಅದೇ ಲೆಕ್ಕದಲ್ಲಿ ಸುಮಾರು ಎರಡೂವರೆ ಕಿಲೊಜೌಲ್ ಮಾತ್ರ. ಆದ್ದರಿಂದ ಬೇಸಿಗೆಯ ಸೆಕೆ ನೇರವಾಗಿ ಮಾಡಲಾರದ ಕೆಲಸವನ್ನು ಬೇಸಿಗೆಯ ಬಿಸಿಲು ಮಾಡಬಲ್ಲದು.

ಆದರೆ ಬೆಳಕು ಬಂಧವನ್ನು ಮುರಿಯಬೇಕಾದರೆ ಮೊದಲು ಅದನ್ನು ಯಾವುದಾದರೂ ಅಣು ಹೀರಿಕೊಳ್ಳಬೇಕು. ಫೋಮಿನಲ್ಲಿ ಈ ಕೆಲಸ ಮಾಡುವುದು ಗಂಟುಗಳಲ್ಲಿರುವ ಬೆಂಜೀನ್ ಮಾದರಿಯ ಉಂಗುರಗಳು. ಅಗ್ಗದ, ಹೆಚ್ಚು ಬಳಕೆಯ ಟಾಲ್ವೀನ್ ಡೈಐಸೊಸಯನೇಟ್‌ನಲ್ಲಿ ಇಂಥ ಉಂಗುರವಿದೆ. ನೇರಳಾತೀತ ಬೆಳಕನ್ನು ಹೀರಿಕೊಂಡ ಉಂಗುರದ ಸುತ್ತಲಿನ ಜೋಡಣೆ ಬದಲಾಗಿ, ಆಮ್ಲಜನಕದೊಂದಿಗೆ ಸೇರಿ, ಕ್ವಿನೋನ್ ಜಾತಿಯ ಬಣ್ಣದ ಅಣುಗಳು ಹುಟ್ಟುತ್ತವೆ. ಹೊಸ ಬಿಳಿ ಫೋಮಿನ ತುಂಡೊಂದನ್ನು ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಹಳದಿಯಾಗುವುದು ಇದರಿಂದ. ಉಂಗುರವಿಲ್ಲದ ಐಸೊಸಯನೇಟ್‌ಗಳೂ ಇವೆ. ಅವುಗಳಿಂದ ಮಾಡಿದ ಪಾಲಿಯುರೆಥೇನ್ ಸುಲಭವಾಗಿ ಹಳದಿಯಾಗುವುದಿಲ್ಲ. ಆದರೆ ಅವು ದುಬಾರಿಯಾದ್ದರಿಂದ ಸೋಫಾದ ಒಳಗೆ ಸೇರುವುದು ವಿರಳ.

ಹಳದಿಯಾಗುವುದೂ ಪುಡಿಯಾಗುವುದೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಳಕೇ ಬೀಳದ ಗೋದಾಮಿನಲ್ಲಿಯೂ ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಫೋಮಿಗೆ ಬೆರೆಸಿದ ಕೆಲವು ರಕ್ಷಕ ಪದಾರ್ಥಗಳೊಂದಿಗೆ ವರ್ತಿಸಿ ಹಳದಿ ಬಣ್ಣ ತರುತ್ತವೆ. ಅಂಥ ಫೋಮಿನ ಶಕ್ತಿ ಕುಂದಿರಲೇಬೇಕೆಂದಿಲ್ಲ. ಫೋಮು ನಿಜವಾಗಿ ಸೋಲುವುದು ಹುರಿ ತುಂಡಾದಾಗ.

ಇಂದಿನ ಬಹುಪಾಲು ಮೆತ್ತೆಗಳ ಹುರಿ ಪಾಲಿಈಥರ್. ಅದರಲ್ಲಿ ಆಮ್ಲಜನಕದ ಪಕ್ಕದಲ್ಲಿರುವ ಇಂಗಾಲವು ತನ್ನ ಹೈಡ್ರೋಜನನ್ನು ಸಡಿಲವಾಗಿ ಹಿಡಿದಿರುತ್ತದೆ. ಬೆಳಕಿನ ಪೆಟ್ಟಿನಿಂದ ಎಲ್ಲೋ ಹುಟ್ಟಿದ ಒಂಟಿ ಎಲೆಕ್ಟ್ರಾನಿನ ಚೂರೊಂದು ಆ ಹೈಡ್ರೋಜನನ್ನು ಕಿತ್ತುಕೊಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಹಾಗೆ ಕೂತದ್ದು ಪಕ್ಕದ ಸರಪಳಿಯ ಹೈಡ್ರೋಜನಿಗೆ ಕೈ ಹಾಕುತ್ತದೆ. ಇದರಿಂದ ಉಂಟಾಗುವ ಪೆರಾಕ್ಸೈಡ್ ಬಂಧ ದುರ್ಬಲ. ಸ್ವಲ್ಪ ಬಿಸಿಗೋ ಬೆಳಕಿಗೋ ಒಡೆದು ಮತ್ತೆರಡು ಚೂರುಗಳನ್ನು ಹುಟ್ಟಿಸುತ್ತದೆ. ಒಣಹುಲ್ಲಿನ ಬಣವೆಯಲ್ಲಿ ಒಂದು ಕಿಡಿ ಹರಡುವ ಹಾಗೆ ಇದು ಹರಡುತ್ತದೆ. ಪ್ರತಿ ಸುತ್ತಿನಲ್ಲಿಯೂ ಒಂದಷ್ಟು ಹುರಿ ಕಡಿಯುತ್ತದೆ. ಸಾಕಷ್ಟು ಹುರಿಗಳು ಕಡಿದ ಮೇಲೆ ಬಲೆ ಬಲೆಯಾಗಿ ಉಳಿಯುವುದಿಲ್ಲ. ಬೆರಳು ತಾಗಿದರೆ ಉದುರುತ್ತದೆ.

ನೇರಳಾತೀತ ಕಿರಣ ಫೋಮಿನೊಳಗೆ ಹೆಚ್ಚು ಆಳಕ್ಕೆ ಇಳಿಯಲಾರದು. ಆದ್ದರಿಂದ ಮೊದಲು ಕೆಡುವುದು ಮೇಲಿನ ಪದರ. ಕೆಟ್ಟ ಪದರ ತುಸು ಕಾಲ ಕೆಳಗಿನದಕ್ಕೆ ಮರೆಯಾಗಿ ನಿಲ್ಲುತ್ತದೆ. ಆದರೆ ಕೂತು ಏಳುವ ಸವೆತಕ್ಕೆ ಆ ಪುಡಿ ಉದುರಿ, ಹೊಸ ಪದರ ಬೆಳಕಿಗೆ ತೆರೆದುಕೊಳ್ಳುತ್ತದೆ. ಕಿಟಕಿಯ ಗಾಜು ಕಾಪಾಡುತ್ತದೆಂದು ನಂಬುವುದೂ ಅರ್ಧ ಸತ್ಯವೇ. ಸಾಧಾರಣ ಗಾಜು ಅತಿ ತೀಕ್ಷ್ಣವಾದ ಕಿರಣಗಳನ್ನು ತಡೆಯುತ್ತದೆ. ದೀರ್ಘ ಅಲೆಯ ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ.

ಬಿಸಿ ಮಾಡುವ ಕೆಲಸ

ಬಿಸಿಯ ಪಾತ್ರ ಎರಡು ಬಗೆಯದು. ಮೊದಲನೆಯದು ನಿಧಾನದ್ದು. ಬೆಳಕು ಹಚ್ಚಿದ ಸರಪಳಿ ಕ್ರಿಯೆಯನ್ನು ಬಿಸಿ ಚುರುಕುಗೊಳಿಸುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆಂಬುದು ಒಂದು ಸ್ಥೂಲ ಲೆಕ್ಕ. ದುಬೈಯಲ್ಲೋ ಫೀನಿಕ್ಸ್‌ನಲ್ಲೋ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಆಸನ, ಲಂಡನ್ನಿನ ಮನೆಯೊಳಗಿನ ಕುರ್ಚಿಗಿಂತ ಬೇಗ ಮುಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ.

ಈ ನಿಧಾನದ ಬಿಸಿಗೆ ತೇವ ಜೊತೆಯಾದರೆ ಇನ್ನೊಂದು ದಾರಿ ತೆರೆಯುತ್ತದೆ. ಎಲ್ಲ ಫೋಮಿನ ಹುರಿಯೂ ಪಾಲಿಈಥರ್ ಅಲ್ಲ, ಕೆಲವದು ಪಾಲಿಎಸ್ಟರ್. ಎಸ್ಟರ್ ಬಂಧಕ್ಕೆ ನೀರೇ ಶತ್ರು. ಗಾಳಿಯ ತೇವ ಆ ಬಂಧವನ್ನು ಸೀಳಿದಾಗ ಒಂದು ಆಮ್ಲ ಹುಟ್ಟುತ್ತದೆ. ಆ ಆಮ್ಲವೇ ಮುಂದಿನ ಬಂಧದ ಸೀಳುವಿಕೆಯನ್ನು ಚುರುಕುಗೊಳಿಸುತ್ತದೆ. ಹಾಲಿಗೆ ಬಿದ್ದ ಹೆಪ್ಪಿನಂತೆ ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕ್ರಿಯೆ. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟ ಮೆತ್ತೆ ಅಂಟಾಗುವುದರ ಹಿಂದೆ ಅನೇಕ ವೇಳೆ ಇರುವುದು ಇದೇ. ಒಟ್ಟಿನಲ್ಲಿ ಈಥರ್ ಫೋಮು ಬೆಳಕಿಗೆ ಮತ್ತು ಆಮ್ಲಜನಕಕ್ಕೆ ಸೋಲುತ್ತದೆ, ಎಸ್ಟರ್ ಫೋಮು ಬಿಸಿ ತೇವಕ್ಕೆ ಸೋಲುತ್ತದೆ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕೊಳ್ಳುವವರಿಗೆ ಯಾವುದು ಯಾವುದೆಂದು ಹೇಳುವ ಚೀಟಿ ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯದು ತೀವ್ರವಾದ ಬಿಸಿ. ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಯುರೆಥೇನ್ ಬಂಧವೇ ಹಿಂದಿರುಗಿ ಬಿಚ್ಚಿಕೊಳ್ಳತೊಡಗುತ್ತದೆ; ಐಸೊಸಯನೇಟ್ ಮತ್ತು ಪಾಲಿಯಾಲ್ ಮತ್ತೆ ಬೇರೆಯಾಗುತ್ತವೆ. ಇದರ ನೆರಳನ್ನು ಕಾರ್ಖಾನೆಯಲ್ಲಿಯೇ ಕಾಣಬಹುದು. ಫೋಮಿನ ದೊಡ್ಡ ದಿಮ್ಮಿಗಳು ಉಬ್ಬಿ ನಿಂತಾಗ ಕ್ರಿಯೆಯ ಕಾವಿನಿಂದ ಅವುಗಳ ಒಡಲು 150 ಡಿಗ್ರಿ ದಾಟುವುದುಂಟು. ಫೋಮು ಸ್ವತಃ ಶಾಖನಿರೋಧಕವಾದ್ದರಿಂದ ಒಳಗಿನ ಬಿಸಿ ಬೇಗ ಹೊರಬರುವುದಿಲ್ಲ. ಹೊರಗೆ ಬೆಳ್ಳಗಿರುವ ದಿಮ್ಮಿಯನ್ನು ಕೊಯ್ದರೆ ನಡುವೆ ಕಂದು ಕಲೆ ಕಾಣುವುದು ಇದರಿಂದ. ಎಚ್ಚರ ತಪ್ಪಿದರೆ ದಿಮ್ಮಿ ತಾನಾಗಿ ಹೊತ್ತಿಕೊಳ್ಳಲೂಬಹುದು. ಉತ್ಕರ್ಷಣ ತಡೆಯುವ ಪದಾರ್ಥಗಳನ್ನು ಮಿಶ್ರಣಕ್ಕೆ ಸೇರಿಸುವುದರ ಒಂದು ಮುಖ್ಯ ಉದ್ದೇಶ ಈ ಮೊದಲ ಗಂಡವನ್ನು ದಾಟಿಸುವುದು. ಕೊಳ್ಳುವವರ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿಸುವುದಲ್ಲ.

ಬಿಸಿ ಇನ್ನೂ ಏರಿದರೆ ಬೆಂಕಿ. ಆಗ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡಿನ ಜೊತೆಗೆ, ಫೋಮಿನ ಸಾರಜನಕದಿಂದ ಹುಟ್ಟುವ ಹೈಡ್ರೋಜನ್ ಸಯನೈಡ್ ಸೇರಿರುತ್ತದೆ. 2003ರ ಫೆಬ್ರುವರಿ 20ರ ರಾತ್ರಿ ಅಮೆರಿಕದ ರೋಡ್ ಐಲೆಂಡ್‌ನ ವೆಸ್ಟ್ ವಾರ್ವಿಕ್‌ನಲ್ಲಿ, ಸ್ಟೇಷನ್ ಎಂಬ ನೈಟ್‌ಕ್ಲಬ್ಬಿನ ವೇದಿಕೆಯ ಗೋಡೆಗೆ ಸದ್ದು ತಡೆಯಲೆಂದು ಅಂಟಿಸಿದ್ದ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿತು. ಆ ದುರಂತದಲ್ಲಿ 100 ಜನ ಸತ್ತರು. ಹತ್ತು ವರ್ಷಗಳ ಬಳಿಕ, 2013ರ ಜನವರಿಯಲ್ಲಿ, ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ನೈಟ್‌ಕ್ಲಬ್ಬಿನಲ್ಲಿ ಬಹುಮಟ್ಟಿಗೆ ಅದೇ ಘಟನೆ ಮರುಕಳಿಸಿತು. ಅಲ್ಲಿ ಸತ್ತವರು 242 ಜನ, ಬಹುಪಾಲು ವಿದ್ಯಾರ್ಥಿಗಳು. ಒಂದು ದೇಶ ಕಲಿತ ಪಾಠ ಇನ್ನೊಂದು ದೇಶಕ್ಕೆ ತಲುಪಲು ಹತ್ತು ವರ್ಷವೂ ಸಾಲದಾಯಿತು.

ಸಂಗ್ರಹಾಲಯದ ಕಾಳಜಿ

ಫೋಮು ಕೆಡುವುದನ್ನು ಅತ್ಯಂತ ಸೂಕ್ಷ್ಮವಾಗಿ ಅಧ್ಯಯನ ಮಾಡಿದವರಲ್ಲಿ ಕಲಾಸಂಗ್ರಹಾಲಯಗಳವರೂ ಇದ್ದಾರೆ. ಇಟಲಿಯ ತೂರಿನ್ ನಗರದ ಪಿಯೆರೊ ಜಿಲಾರ್ದಿ 1965ರಿಂದ ಪಾಲಿಯುರೆಥೇನ್ ಫೋಮಿನಲ್ಲಿ 'ನಿಸರ್ಗದ ಜಮಖಾನೆ'ಗಳನ್ನು ಕೆತ್ತಿದರು: ನದಿಯ ಬೆಣಚುಕಲ್ಲು, ಉದುರಿದ ಎಲೆ, ಕಲ್ಲಂಗಡಿಯ ಹೊಲ. ಜನ ಅವುಗಳ ಮೇಲೆ ನಡೆಯಬೇಕು, ಮಲಗಬೇಕು ಎಂಬುದು ಅವರ ಆಶಯವಾಗಿತ್ತು. ಕಲೆಯನ್ನು ಗ್ಯಾಲರಿಯ ಗೋಡೆಯಿಂದ ಇಳಿಸಿ ಜನರ ಕಾಲಡಿಗೆ ತರಲು ಬಯಸಿದ ಆ ಎಡಪಂಥೀಯ ಕಲಾವಿದರ ಕೃತಿಗಳನ್ನು ಈಗ ಯಾರೂ ಮುಟ್ಟದಂತೆ ಕಾಯಬೇಕಾಗಿದೆ, ಮುಟ್ಟಿದರೆ ಉದುರುತ್ತವೆ.

ನೆದರ್ಲೆಂಡ್ಸ್‌ನಲ್ಲಿ ತೇಯಾ ವಾನ್ ಓಸ್ಟೆನ್ ಮುಂತಾದ ಸಂರಕ್ಷಣಾ ವಿಜ್ಞಾನಿಗಳು ಇಂಥ ಕೃತಿಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ಈಥರ್ ಬಗೆಯ ಫೋಮಿಗೆ ನೀರಿನಲ್ಲಿ ಹರಡಿದ ಮತ್ತೊಂದು ಪಾಲಿಯುರೆಥೇನನ್ನು ಮಂಜಿನಂತೆ ಸಿಂಪಡಿಸಿ, ಸಣಕಲು ಕಡ್ಡಿಗಳಿಗೆ ತೆಳುವಾದ ಹೊದಿಕೆ ಕೊಡುವುದು ಅವರು ಕಂಡುಕೊಂಡ ಒಂದು ಉಪಾಯ. ಅದರ ಜೊತೆಗೆ ಬೆಳಕಿನ ಮಿತಿ, ತಂಪು, ಒಣ ಗಾಳಿ. ಮುರಿದ ಹುರಿಯನ್ನು ಮತ್ತೆ ಹೆಣೆಯುವುದು ಇದರಿಂದ ಸಾಧ್ಯವಿಲ್ಲ. ಉಳಿದದ್ದನ್ನು ಹಿಡಿದಿಡಬಹುದು ಅಷ್ಟೇ. ಒಂದು ಕಲಾಕೃತಿಗೆ ಸಿಗುವ ಈ ಎಚ್ಚರ, ಈ ಪರೀಕ್ಷೆ, ಈ ದಾಖಲೆ, ಮನುಷ್ಯರ ಉಸಿರಿಗೆ ಹತ್ತಿರವಾದ ಫೋಮಿಗೆ ಸಿಕ್ಕಿತೇ? ಮುಂದಿನ ಪ್ರಕರಣ ಅದನ್ನೇ ಕುರಿತದ್ದು.

ಉಸಿರಿನ ದಾರಿಯಲ್ಲಿ

ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ರಾತ್ರಿಯೆಲ್ಲ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರವನ್ನು ಬಳಸುತ್ತಾರೆ. ಈ ಸಭೆಯಲ್ಲಿರುವ ಹಲವರ ಮನೆಗಳಲ್ಲಿಯೂ ಅದು ಇರಬಹುದು. ಮೋಟಾರಿನ ಸದ್ದು ಕೇಳದಿರಲೆಂದು ಅಂಥ ಯಂತ್ರಗಳ ಒಳಗೆ, ಗಾಳಿ ಹಾದುಹೋಗುವ ದಾರಿಯಲ್ಲಿಯೇ, ಫೋಮಿನ ತುಂಡನ್ನಿಡುವುದುಂಟು. 2021ರ ಜೂನ್‌ನಲ್ಲಿ ಫಿಲಿಪ್ಸ್ ರೆಸ್ಪಿರಾನಿಕ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿದ್ದ ಫೋಮು ಪಾಲಿಎಸ್ಟರ್ ಬಗೆಯದು. ಅದು ಕಪ್ಪು ಕಣಗಳಾಗಿ ಉದುರಿ ಬಳಸುವವರ ಉಸಿರಿಗೆ ಸೇರಬಹುದು, ಕೆಲವು ರಾಸಾಯನಿಕ ಆವಿಗಳನ್ನೂ ಬಿಡಬಹುದು ಎಂಬುದು ಕಾರಣ.

ಬಿಸಿ ತೇವಕ್ಕೆ ಎಸ್ಟರ್ ಸೋಲುತ್ತದೆಂಬುದು ರಸಾಯನಶಾಸ್ತ್ರದಲ್ಲಿ ಹೊಸ ಸಂಗತಿಯಲ್ಲ. ಬೆಚ್ಚಗಿನ, ತೇವದ ಗಾಳಿಯೊಂದಿಗೆ ಒಡನಾಡುವ ಯಂತ್ರದಲ್ಲಿ ಅದನ್ನೇ ಇಡಲಾಗಿತ್ತು. ಓಜೋನ್ ಬಳಸಿ ಯಂತ್ರ ಶುಚಿ ಮಾಡುವ, ಅನುಮತಿಯಿಲ್ಲದ ವಿಧಾನದಿಂದ ಹಾಳಾಗುವುದು ಹೆಚ್ಚುತ್ತದೆಂದು ಕಂಪನಿ ಎಚ್ಚರಿಸಿತು. ಓಜೋನ್ ಉಗ್ರ ಉತ್ಕರ್ಷಕವಾದ್ದರಿಂದ ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ತನಿಖಾಧಿಕಾರಿಗಳು 2021ರಲ್ಲಿ ಕಾರ್ಖಾನೆಯನ್ನು ಪರಿಶೀಲಿಸಿದಾಗ, ಫೋಮು ಕೆಡುವ ಸಾಧ್ಯತೆಯ ಅರಿವು ಕಂಪನಿಗೆ ಇತ್ತೆಂದು ತೋರಿಸುವ, 2016ರಷ್ಟು ಹಿಂದಿನ ಪರೀಕ್ಷಾ ವರದಿಗಳೂ ವಿಶ್ಲೇಷಣೆಗಳೂ ಅವರಿಗೆ ದೊರೆತವು. ಹಿಂಪಡೆಯುವ ಪ್ರಕಟಣೆ ಬಂದದ್ದು ಐದು ವರ್ಷಗಳ ನಂತರ. ಅನಂತರದ ಪರೀಕ್ಷೆಗಳಲ್ಲಿ ಗಣನೀಯ ಹಾನಿ ನಿರೀಕ್ಷಿತವಲ್ಲವೆಂದು ಕಂಡಿತೆಂದು ಕಂಪನಿ ಹೇಳಿತು. ಆ ಪರೀಕ್ಷೆಗಳು ಸಾಲವೆಂದು 2023ರಲ್ಲಿ ಆಡಳಿತ ಹೇಳಿತು. 2024ರ ಏಪ್ರಿಲ್‌ನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 110 ಕೋಟಿ ಡಾಲರುಗಳ ರಾಜಿ ಒಪ್ಪಂದವನ್ನು ಪ್ರಕಟಿಸಿತು.

ಈ ಪ್ರಕರಣದಲ್ಲಿ ಎದ್ದು ಕಾಣುವುದು ಒಬ್ಬರ ದುಷ್ಟತನವಲ್ಲ, ಒಂದು ವ್ಯವಸ್ಥೆಯ ಅಭ್ಯಾಸ. ಯಾವ ಪದಾರ್ಥ ಎಲ್ಲಿ ಸೇರಬೇಕೆಂಬ ನಿರ್ಧಾರ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ. ಅದರ ಪರಿಣಾಮ ಮಾತ್ರ ಸಾವಿರಾರು ಮಲಗುವ ಕೋಣೆಗಳಿಗೆ ಹಂಚಿಹೋಗುತ್ತದೆ. ಯಂತ್ರ ನಿಲ್ಲಿಸಿದರೆ ಉಸಿರು ಕಟ್ಟುವ ಭಯ, ನಿಲ್ಲಿಸದಿದ್ದರೆ ಫೋಮಿನ ಭಯ. ಹಿಂಪಡೆಯುವ ಪ್ರಕಟಣೆ ಓದಿದ ರೋಗಿ ಆ ರಾತ್ರಿಯೇ ಇದನ್ನು ನಿರ್ಧರಿಸಬೇಕಿತ್ತು.

ರಕ್ಷಣೆಯ ಹೆಸರಿನಲ್ಲಿ

ಫೋಮು ಸುಲಭವಾಗಿ ಹೊತ್ತಿಕೊಳ್ಳುತ್ತದೆಂಬ ಕಾರಣಕ್ಕೆ ಅದಕ್ಕೆ ಜ್ವಾಲಾನಿರೋಧಕಗಳನ್ನು ಬೆರೆಸುವ ಪದ್ಧತಿ ಬಂತು. ಕ್ಯಾಲಿಫೋರ್ನಿಯಾ 1975ರಲ್ಲಿ ತಂದ ನಿಯಮದ ಪ್ರಕಾರ, ಪೀಠೋಪಕರಣದೊಳಗಿನ ಬರಿಯ ಫೋಮು ಚಿಕ್ಕ ಜ್ವಾಲೆಯನ್ನು 12 ಸೆಕೆಂಡು ತಾಳಿಕೊಳ್ಳಬೇಕಿತ್ತು. ಒಂದು ರಾಜ್ಯಕ್ಕೆ ಒಂದು, ಉಳಿದವಕ್ಕೆ ಇನ್ನೊಂದು ಸೋಫಾ ತಯಾರಿಸುವುದು ಲಾಭದಾಯಕವಲ್ಲವಾದ್ದರಿಂದ, ಅನೇಕ ತಯಾರಕರು ಎಲ್ಲೆಡೆ ಮಾರುವ ಸರಕಿಗೂ ಅದನ್ನೇ ಬೆರೆಸಿದರು. ಆದರೆ ನಿಜವಾದ ಬೆಂಕಿ ಮೊದಲು ಹಿಡಿಯುವುದು ಬಟ್ಟೆಗೆ. ಉರಿಯುವ ಬಟ್ಟೆಯ ಜ್ವಾಲೆ ಪರೀಕ್ಷೆಯ ಪುಟ್ಟ ಜ್ವಾಲೆಗಿಂತ ಎಷ್ಟೋ ದೊಡ್ಡದು. ಹೀಗಾಗಿ ದೊರೆತ ರಕ್ಷಣೆ ಅಲ್ಪ.

ದೊರೆತ ಹಾನಿ ಮಾತ್ರ ಅಲ್ಪವಾಗಿರಲಿಲ್ಲ. ಪೆಂಟಾಬ್ರೋಮೊಡೈಫಿನೈಲ್ ಈಥರ್‌ನಂಥ ಈ ಪದಾರ್ಥಗಳು ಫೋಮಿನ ಬಲೆಗೆ ಬಂಧದಿಂದ ಕಟ್ಟಿಕೊಂಡಿರುವುದಿಲ್ಲ; ನಡುವೆ ಸುಮ್ಮನೆ ಸಿಕ್ಕಿಕೊಂಡಿರುತ್ತವೆ. ಬಿಸಿಗೆ ಮೆಲ್ಲನೆ ಹೊರಬರುತ್ತವೆ. ಫೋಮು ಪುಡಿಯಾದಾಗ ಪುಡಿಯೊಂದಿಗೇ ಹೊರಡುತ್ತವೆ. ಮನೆಯ ಧೂಳಿನಲ್ಲಿ, ತಾಯಿಯ ಹಾಲಿನಲ್ಲಿ ಅವು ಪತ್ತೆಯಾದವು. ನೆಲದ ಮೇಲೆ ಅಂಬೆಗಾಲಿಟ್ಟು, ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಆ ಧೂಳು ದೊಡ್ಡವರಿಗಿಂತ ಹೆಚ್ಚು ಸೇರುತ್ತದೆ. 2004ರ ಕೊನೆಗೆ ಅಮೆರಿಕದಲ್ಲಿ ಅದರ ತಯಾರಿಕೆ ನಿಂತಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದು ಸೇರಿತು. 1977ರಲ್ಲಿಯೇ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು ಮಕ್ಕಳ ರಾತ್ರಿ ಉಡುಪುಗಳಲ್ಲಿದ್ದ ಟ್ರಿಸ್ ಎಂಬ ಇಂಥದೇ ರಾಸಾಯನಿಕದ ಅಪಾಯವನ್ನು ಎತ್ತಿ ತೋರಿಸಿದ್ದರು. ಅದೇ ವರ್ಷ ಅದು ಉಡುಪಿನಿಂದ ಹೊರಬಿತ್ತು. ಅದರ ಹತ್ತಿರದ ನೆಂಟನೊಂದು ಮುಂದೆ ಸೋಫಾದ ಫೋಮಿನೊಳಗೆ ಪತ್ತೆಯಾಯಿತು. ಈ ರಾಸಾಯನಿಕಗಳ ಪರವಾಗಿ ವಾದಿಸುತ್ತಿದ್ದ 'ನಾಗರಿಕ' ಸಂಘಟನೆಯ ಹಿಂದೆ ಇದ್ದದ್ದು ತಯಾರಕರ ಹಣವೆಂದು 2012ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ವರದಿಗಳು ಬಯಲಿಗೆಳೆದವು. 2013ರಲ್ಲಿ ಪರಿಷ್ಕೃತವಾದ ಕ್ಯಾಲಿಫೋರ್ನಿಯಾ ನಿಯಮ ಫೋಮನ್ನು ಬಿಟ್ಟು ಹೊದಿಕೆಯ ಬಟ್ಟೆಯನ್ನು ಪರೀಕ್ಷಿಸುವ ಕಡೆಗೆ ತಿರುಗಿತು. ಬೆರಕೆಯಿಲ್ಲದೆಯೂ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಹುದು.

ಬೆಳಕಿನಿಂದ ಕಾಯುವ ಪದಾರ್ಥಗಳ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ಪ್ಲಾಸ್ಟಿಕ್ಕುಗಳನ್ನೂ ಬಣ್ಣದ ಲೇಪಗಳನ್ನೂ ನೇರಳಾತೀತ ಕಿರಣದಿಂದ ಕಾಪಾಡಲು ಬಳಸುತ್ತಿದ್ದ ಯುವಿ-328 ಎಂಬ ರಾಸಾಯನಿಕ, ತಾನೇ ಕೊಳೆಯದೆ ಜೀವಿಗಳ ಒಡಲಿನಲ್ಲಿ ಕೂಡಿಕೊಳ್ಳುತ್ತದೆಂದು 2023ರಲ್ಲಿ ಅದೇ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು. ವಸ್ತುವಿನ ಬಾಳಿಕೆಯೊಂದನ್ನೇ ನೋಡಿ ರಕ್ಷಕನನ್ನು ಆರಿಸಿದರೆ ಹೀಗಾಗುತ್ತದೆ.

ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಇನ್ನೊಂದು ಕಿಂಡಿಯಿದೆ. ನಿಷೇಧಿತ ಬ್ರೋಮಿನ್ ಪದಾರ್ಥ ಇರುವ ಹಳೆಯ ಫೋಮನ್ನು ಮರುಬಳಕೆ ಮಾಡಲು, ಬಯಸಿದ ದೇಶಗಳಿಗೆ 2030ರವರೆಗೆ ವಿನಾಯಿತಿ ಸಿಕ್ಕಿದೆ. ಹಳೆಯ ಫೋಮನ್ನು ಚೂರು ಮಾಡಿ, ಅಂಟಿನಿಂದ ಒತ್ತಿ, ಜಮಖಾನೆಯ ಅಡಿಹಾಸಾಗಿಯೋ ಅಗ್ಗದ ಹಾಸಿಗೆಯಾಗಿಯೋ ಮಾರುವುದು ದೊಡ್ಡ ವ್ಯಾಪಾರ. ಶ್ರೀಮಂತರ ಸೋಫಾದಿಂದ ಹೊರಬಿದ್ದ ವಿಷಕ್ಕೆ ಬಡವರ ಹಾಸಿಗೆಯಲ್ಲಿ ಎರಡನೆಯ ಜನ್ಮ ಸಿಗುವ ದಾರಿ ಇದು. ಮರುಬಳಕೆ ಎಂಬ ಮಾತು ಕೇಳಿದೊಡನೆ ಚಪ್ಪಾಳೆ ತಟ್ಟುವ ಮುನ್ನ, ಏನನ್ನು ಮರುಬಳಸಲಾಗುತ್ತಿದೆ ಎಂದು ಕೇಳುವುದು ಅಗತ್ಯ.

ಮೊದಲು ಉಸಿರಾಡುವವರು

ಫೋಮಿನ ಅಪಾಯ ಅದು ಹಳತಾದ ಮೇಲೆ ಶುರುವಾಗುವುದಲ್ಲ. ಐಸೊಸಯನೇಟ್ ಆವಿ ಕೆಲಸಗಾರರಲ್ಲಿ ಆಸ್ತಮಾ ತರುವ ಪ್ರಮುಖ ಕಾರಣಗಳಲ್ಲೊಂದು. ಒಮ್ಮೆ ದೇಹ ಅದಕ್ಕೆ ಸಂವೇದಿಯಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಹಿಡಿಸಬಲ್ಲದು. 1984ರ ಡಿಸೆಂಬರಿನಲ್ಲಿ ಭೋಪಾಲದ ಮೇಲೆ ಹರಡಿದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ಅದು ಫೋಮಿಗಲ್ಲ, ಕೀಟನಾಶಕಕ್ಕೆಂದು ತಯಾರಾದದ್ದು, ಬಹುಪಾಲು ಹೆಚ್ಚು ಆವಿಯಾಗುವಂಥದ್ದು. ಎರಡನ್ನೂ ಒಂದೇ ಎನ್ನುವುದು ತಪ್ಪು; ಆದರೆ ಎರಡರ ತಯಾರಿಕೆಯಲ್ಲೂ ಫಾಸ್ಜೀನ್ ಎಂಬ ವಿಷಾನಿಲ ಬಳಕೆಯಾಗುತ್ತದೆಂಬುದನ್ನು ಮರೆಯುವುದೂ ತಪ್ಪು. ಯೂರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟ್‌ನಿಂದ, ಡೈಐಸೊಸಯನೇಟ್ ಬಳಸುವ ಕೆಲಸಗಾರರಿಗೆ ತರಬೇತಿ ಕೊಡುವುದು ಕಡ್ಡಾಯವಾಗಿದೆ. ಕೆಲಸಗಾರರ ಉಸಿರಿಗೆ ಕಾನೂನಿನಲ್ಲಿ ಸಿಕ್ಕ ಆ ಜಾಗ ಎಲ್ಲ ದೇಶಗಳಲ್ಲೂ ಸಿಗಬೇಕು.

ಇನ್ನು ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸರಳ. ಫೋಮಿನ ಮೆತ್ತೆಗಳನ್ನು ನೇರ ಬಿಸಿಲಿನಿಂದ ದೂರವಿಡಬೇಕು. ದಟ್ಟ ನೇಯ್ಗೆಯ ಹೊದಿಕೆ ಹಾಕಬೇಕು. ಹೀಟರಿನ ಪಕ್ಕದಲ್ಲಿ, ತೇವದ ನೆಲಮಾಳಿಗೆಯಲ್ಲಿ ಇಡಬಾರದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಊರಿನ ಒಳ್ಳೆಯ ಪದ್ಧತಿ ಹತ್ತಿಯ ಹಾಸಿಗೆಗೆ ಸರಿ. ಬರಿಯ ಫೋಮಿಗೆ ಅದು ಶಿಕ್ಷೆ. ಉದುರತೊಡಗಿದ ಫೋಮನ್ನು ಕೊಡವದೆ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಆದರೆ ಈ ಎಚ್ಚರಗಳೆಲ್ಲ ಕೊನೆಯ ಮೆಟ್ಟಿಲಿನವು. ಮೊದಲ ಮೆಟ್ಟಿಲಿನಲ್ಲಿ ಕೇಳಬೇಕಾದದ್ದು ಹಕ್ಕು: ಈ ಫೋಮು ಈಥರೋ ಎಸ್ಟರೋ, ಏನೇನು ಬೆರೆಸಿದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಚೀಟಿಯ ಮೇಲೆ ಓದುವ ಹಕ್ಕು.

ಕರ್ನಾಟಕದ ಊರುಗಳಲ್ಲಿ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಪಿಂಜಾರರು ಓಣಿಗೆ ಬರುತ್ತಿದ್ದ ದಿನಗಳನ್ನು ಈ ಸಭೆಯ ಹಿರಿಯರು ಬಲ್ಲರು. ಗಂಟುಗಟ್ಟಿದ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಹಿಂಜಿ ಹಗುರ ಮಾಡಿ, ಅದೇ ಗವುಸಿಗೆ ಮತ್ತೆ ತುಂಬಿ ಹೊಲಿದು ಕೊಟ್ಟರೆ ಹಾಸಿಗೆಗೆ ಹೊಸ ಪ್ರಾಯ ಬರುತ್ತಿತ್ತು. ಫೋಮಿನ ಹಾಸಿಗೆ ಬಂದಂತೆ ಆ ಬಿಲ್ಲಿನ ನಾದ ಓಣಿಗಳಿಂದ ಮರೆಯಾಯಿತು. ಅದನ್ನೇ ನಂಬಿದ್ದ ಬಡ ಮುಸ್ಲಿಮ್ ಕುಟುಂಬಗಳು ಬೇರೆ ಕೂಲಿ ಹುಡುಕಿಕೊಂಡವು. ಆ ಕೆಲಸ ಸುಲಭದ್ದಾಗಿರಲಿಲ್ಲ. ಹತ್ತಿಯ ಧೂಳೂ ಪುಪ್ಪುಸಕ್ಕೆ ಕೆಟ್ಟದ್ದೇ. ಆ ಬಡತನವನ್ನು ಹಾಡಿ ಹೊಗಳಬೇಕಾದ್ದಿಲ್ಲ. ಆದರೆ ಕೆಟ್ಟದ್ದನ್ನು ಬಿಚ್ಚಿ ನೋಡಬಹುದು, ಒಳಗಿರುವುದೇನೆಂದು ತಿಳಿಯಬಹುದು, ಮತ್ತೆ ಸರಿಪಡಿಸಬಹುದು ಎಂಬ ಭರವಸೆ ಆ ಹಾಸಿಗೆಯಲ್ಲಿತ್ತು. ಇಂದಿನ ಮೆತ್ತೆಯಲ್ಲಿ ಆ ಮೂರೂ ಇಲ್ಲ. ಅವನ್ನು ಮರಳಿ ಕೇಳುವುದು ಹಳೆಯ ಕಾಲಕ್ಕೆ ಹಿಂದಿರುಗುವುದಲ್ಲ. ಇಪ್ಪತ್ತು ವರ್ಷಗಳ ಮೇಲೆ ಯಾವುದೋ ಮನೆಯಲ್ಲಿ ಹೊದಿಕೆ ಬಿಚ್ಚಿದವರ ಬೆರಳಿಗೆ ಹಳದಿ ಪುಡಿ ಹತ್ತಿದಾಗ, ಅದು ಏನೆಂದು ಅವರಿಗೆ ತಿಳಿದಿರಬೇಕು. ಬೇಡಿಕೆ ಇಷ್ಟೇ.